ಶಾಸನಸಭೆಯ ಅಧಿವೇಶನವೂ ನಮ್ಮ ಕನ್ನಡ ಶಾಲೆಯೂ

ಸೊಲ್ಲಾಪುರ ನಗರದಲ್ಲಿಯೂ ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ತಾಲೂಕುಗಳ ಹಳ್ಳಿಗಳಲ್ಲಿಯೂ ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸುವ ಪಾಲಕರಿಗೆ ಶಾಲೆಯ ಕಟ್ಟಡ ಕಾಣುತ್ತದೆ, ಗುರುಗಳು ಕಾಣುತ್ತಾರೆ, ಮಗುವಿನ ಕೈಯಲ್ಲಿಯ ಪುಸ್ತಕ ಕಾಣುತ್ತದೆ. ಆ ಗುರುಗಳ ಹುದ್ದೆಯನ್ನು ಮಂಜೂರು ಮಾಡುವ ಅಳತೆಗೋಲು, ಅವರ ಪಗಾರಕ್ಕೆ ಬೇಕಾದ ಅನುದಾನ, ವಾರದಲ್ಲಿ ಯಾವ ಭಾಷೆಗೆ ಎಷ್ಟು ತಾಸುಗಳೆಂಬ ಕಟ್ಟಳೆ, ಇವೆಲ್ಲ ಎಲ್ಲಿ ಹುಟ್ಟುತ್ತವೆಂಬುದು ಮಾತ್ರ ಕಾಣುವುದಿಲ್ಲ. ಇವು ಹುಟ್ಟುವುದು ಮುಂಬಯಿಯ ವಿಧಾನಭವನದಲ್ಲಿ ಮತ್ತು ಮಂತ್ರಾಲಯದಲ್ಲಿ; ಚಳಿಗಾಲದ ಕೆಲವು ದಿನಗಳ ಮಟ್ಟಿಗೆ ನಾಗಪುರದಲ್ಲಿ. ಅಲ್ಲಿ ಏನು ನಡೆಯುತ್ತದೆಂಬುದನ್ನು ವೇಳೆಗೆ ಸರಿಯಾಗಿ ತಿಳಿದುಕೊಳ್ಳುವ ಬಗೆಯನ್ನೂ, ತಿಳಿದ ಮೇಲೆ ನಮ್ಮ ಮಾತನ್ನು ಅಲ್ಲಿಗೆ ಮುಟ್ಟಿಸುವ ದಾರಿಗಳನ್ನೂ ಈ ಸಂಚಿಕೆಯ ಓದುಗರ ಮುಂದೆ ಇಡಬೇಕೆಂದು ಕೈಗೊಂಡ ಬರಹವಿದು.

ನಮ್ಮ ಭಾಗದ ಜನರು ರಾಜಕಾರಣವೆಂದೊಡನೆ ಗಡಿಯ ಪ್ರಶ್ನೆಯನ್ನೇ ನೆನೆಯುವುದು ಸಹಜ. ಅಕ್ಕಲಕೋಟೆಯ ಸಂಸ್ಥಾನ ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ೧೯೬೦ರ ಮೇ ೧ರಿಂದ ಮಹಾರಾಷ್ಟ್ರಕ್ಕೆ ಸೇರಿತು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಮತ್ತು ಜತ್ತ ಭಾಗಗಳು ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ ೧೯೬೭ರಲ್ಲಿ ಶಿಫಾರಸು ಮಾಡಿದ್ದನ್ನು ನಮ್ಮ ಹಿರಿಯರು ಬಾಯಿಪಾಠವಾಗಿ ಬಲ್ಲರು. ಆ ವರದಿ ಕಾಗದದಿಂದ ಇಳಿದು ನೆಲಕ್ಕೆ ಬರಲಿಲ್ಲ. ಅಂದಿನಿಂದ ಮೂರು ತಲೆಮಾರುಗಳ ಮಕ್ಕಳು ಈ ಶಾಲೆಗಳಲ್ಲಿ ಓದಿ ಹೊರಬಿದ್ದಿದ್ದಾರೆ, ಮತ್ತು ಅವರೆಲ್ಲರ ಶಾಲೆಯನ್ನು ನಡೆಸಿದ್ದು ಮುಂಬಯಿಯ ಕಾಯದೆಯೇ. ಗಡಿಯ ವಿಷಯದಲ್ಲಿ ಓದುಗರ ಅಭಿಪ್ರಾಯ ಯಾವುದೇ ಇರಲಿ, ಈ ಸಂಗತಿ ಬದಲಾಗುವುದಿಲ್ಲ.

೨೦೨೨ರ ಡಿಸೆಂಬರ ತಿಂಗಳನ್ನೇ ನೋಡಬಹುದು. ನೀರು, ರಸ್ತೆಗಳ ಕೊರತೆಯಿಂದ ಬೇಸತ್ತ ಅಕ್ಕಲಕೋಟೆ ತಾಲೂಕಿನ ಕೆಲವು ಹಳ್ಳಿಗಳು ಕರ್ನಾಟಕಕ್ಕೆ ಸೇರುವ ಮಾತೆತ್ತಿದ್ದವು. ಅದೇ ತಿಂಗಳ ೨೨ರಂದು ಕರ್ನಾಟಕದ ಶಾಸನಸಭೆ ಬೆಳಗಾವಿಯಲ್ಲಿ ಒಂದು ಠರಾವನ್ನೂ, ೨೭ರಂದು ಮಹಾರಾಷ್ಟ್ರದ ಶಾಸನಸಭೆ ನಾಗಪುರದಲ್ಲಿ ಅದಕ್ಕೆದುರಾದ ಇನ್ನೊಂದು ಠರಾವನ್ನೂ ಅಂಗೀಕರಿಸಿದವು. ಪತ್ರಿಕೆಗಳಲ್ಲಿ ದೊಡ್ಡ ಅಕ್ಷರಗಳ ಸುದ್ದಿಯಾಯಿತು. ಆದರೆ ಠರಾವು ಸಭೆಯ ಮನಸ್ಸನ್ನು ತಿಳಿಸುತ್ತದೆಯೇ ಹೊರತು ಯಾರ ಮೇಲೂ ಕಟ್ಟುಪಾಡನ್ನು ಹೇರಲಾರದು. ಆ ಎರಡು ಠರಾವುಗಳಿಂದ ಒಂದು ಶಾಲೆಯಲ್ಲಿಯೂ ಒಬ್ಬ ಶಿಕ್ಷಕ ಹೆಚ್ಚಾಗಲಿಲ್ಲ, ಕಡಮೆಯಾಗಲಿಲ್ಲ. ಸದ್ದಿಲ್ಲದೆ ಬಂದು ನಮ್ಮ ವರ್ಗದ ಕೋಣೆಯೊಳಗೆ ಕೂಡುವ ಕಾಗದಗಳು ಬೇರೆಯವು.

ಅವುಗಳಲ್ಲಿ ಮೊದಲನೆಯದು ಅಧಿನಿಯಮ. ಮಸೂದೆಯಾಗಿ ಮಂಡಿತವಾಗಿ, ೨೮೮ ಸದಸ್ಯರ ವಿಧಾನಸಭೆ ಮತ್ತು ೭೮ ಸದಸ್ಯರ ವಿಧಾನ ಪರಿಷತ್ತು ಎರಡರಲ್ಲಿಯೂ ಅಂಗೀಕಾರ ಹೊಂದಿ, ರಾಜ್ಯಪಾಲರ ಒಪ್ಪಿಗೆ ಪಡೆದು ರಾಜಪತ್ರದಲ್ಲಿ ಪ್ರಕಟವಾದಾಗ ಅದು ಕಾಯದೆಯಾಗುತ್ತದೆ. ಸದನಗಳು ಸೇರಿರದ ಕಾಲದಲ್ಲಿ ರಾಜ್ಯಪಾಲರು ಸುಗ್ರೀವಾಜ್ಞೆ ಹೊರಡಿಸಬಹುದು. ಸದನಗಳು ಮತ್ತೆ ಕೂಡಿದ ಆರು ವಾರಗಳೊಳಗಾಗಿ ಅದು ಅಂಗೀಕಾರ ಪಡೆಯದಿದ್ದರೆ ತಾನಾಗಿಯೇ ಬಿದ್ದು ಹೋಗುತ್ತದೆ. ಅಧಿನಿಯಮದ ಕೆಳಗೆ ನಿಯಮಗಳಿವೆ. ನಿಯಮವು ತನ್ನ ತಾಯಿಯಾದ ಅಧಿನಿಯಮವನ್ನು ಮೀರಕೂಡದು. ಶಿಕ್ಷಣ ಹಕ್ಕಿನ ನಿಯಮಗಳಿಗೆ ೨೦೨೪ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ತಿದ್ದುಪಡಿ ತಂದು, ಸರಕಾರಿ ಅಥವಾ ಅನುದಾನಿತ ಶಾಲೆ ಒಂದು ಕಿಲೋಮೀಟರಿನೊಳಗಿದ್ದರೆ ಖಾಸಗಿ ಶಾಲೆಗಳು ಬಡ ಮಕ್ಕಳಿಗಾಗಿ ಶೇಕಡಾ ೨೫ರಷ್ಟು ಸ್ಥಾನ ಬಿಡಬೇಕಾಗಿಲ್ಲವೆಂದಾಗ, ಮುಂಬಯಿ ಉಚ್ಚ ನ್ಯಾಯಾಲಯವು ಅದೇ ವರ್ಷದ ಜುಲೈಯಲ್ಲಿ ಆ ತಿದ್ದುಪಡಿಯನ್ನು ರದ್ದುಗೊಳಿಸಿದ್ದು ಈ ಕಾರಣದಿಂದಲೇ. ಎಲ್ಲಕ್ಕಿಂತ ಕೆಳಗೆ, ಆದರೆ ನಮಗೆ ಎಲ್ಲಕ್ಕಿಂತ ಸಮೀಪದಲ್ಲಿ ಇರುವುದು ಶಾಸನ ನಿರ್ಣಯ. ನಮ್ಮ ಶಿಕ್ಷಕರ ಬಾಯಲ್ಲಿ ಜಿ. ಆರ್. ಇದಕ್ಕೆ ಸದನದ ಅಂಗೀಕಾರ ಬೇಕಿಲ್ಲ. ಇಲಾಖೆಯ ಒಂದು ಸಹಿ ಸಾಕು.

ಅಧಿನಿಯಮದ ಉದಾಹರಣೆಯಾಗಿ ೨೦೨೦ರ ಮರಾಠಿ ಕಡ್ಡಾಯ ಕಾಯದೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯ. ರಾಜ್ಯದಲ್ಲಿಯ ಎಲ್ಲ ಮಾಧ್ಯಮಗಳ, ಎಲ್ಲ ಪರೀಕ್ಷಾ ಮಂಡಳಿಗಳ ಶಾಲೆಗಳಲ್ಲಿ ಒಂದರಿಂದ ಹತ್ತನೆಯ ಇಯತ್ತೆಯವರೆಗೆ ಮರಾಠಿಯನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆಂಬುದು ಅದರ ತಿರುಳು. ತಪ್ಪಿದವರಿಗೆ ಒಂದು ಲಕ್ಷ ರೂಪಾಯಿಗಳವರೆಗೆ ದಂಡ. ೨೦೨೦-೨೧ರಲ್ಲಿ ಒಂದನೆಯ ಮತ್ತು ಆರನೆಯ ಇಯತ್ತೆಗಳಿಂದ ಮೊದಲಾಗಿ ವರ್ಷಕ್ಕೊಂದು ಮೆಟ್ಟಿಲು ಏರುವ ಏರ್ಪಾಡಿತ್ತು. ಈ ಮಸೂದೆ ೨೦೨೦ರ ಫೆಬ್ರವರಿಯ ಕೊನೆಯ ವಾರದಲ್ಲಿ ಒಂದೆರಡು ದಿನಗಳ ಅಂತರದೊಳಗೇ ಎರಡೂ ಸದನಗಳನ್ನು ದಾಟಿತು. ಯಾವ ಪಕ್ಷದವರೂ ವಿರೋಧಿಸಲಿಲ್ಲ.

ಮಸೂದೆಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಮನವಿ ಬರೆಯಲು ಕುಳಿತವನು ಮುಗಿಸಿ ಏಳುವಷ್ಟರಲ್ಲಿ ಅದು ಕಾಯದೆಯಾಗಿಬಿಟ್ಟಿತ್ತೆಂದರೆ ಅತಿಶಯೋಕ್ತಿಯಾಗದು. ಆದರೆ ಮನವಿಯಲ್ಲಿ ಬರೆಯಬೇಕಾದುದೇನಿತ್ತು? ಇಲ್ಲಿ ನಮ್ಮವರಲ್ಲಿ ಅನೇಕರು ಎಡವುತ್ತಾರೆ. ಮರಾಠಿಯನ್ನು ಕಡ್ಡಾಯ ಮಾಡುವ ಅಧಿಕಾರವೇ ರಾಜ್ಯಕ್ಕಿಲ್ಲವೆಂದು ವಾದಿಸುವುದರಲ್ಲಿ ಅರ್ಥವಿರಲಿಲ್ಲ. ಉಷಾ ಮೆಹತಾ ಅವರ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೪ರಲ್ಲಿಯೇ, ಭಾಷಿಕ ಅಲ್ಪಸಂಖ್ಯಾತರು ನಡೆಸುವ ಶಾಲೆಗಳಲ್ಲಿಯೂ ಮಹಾರಾಷ್ಟ್ರ ಸರಕಾರ ಮರಾಠಿಯನ್ನು ಕಡ್ಡಾಯಗೊಳಿಸುವುದು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ತೀರ್ಪಿತ್ತಿತ್ತು. ಹಾಗೆ ವಾದಿಸುವುದು ನಮ್ಮ ಮಕ್ಕಳಿಗೆ ಹಿತವೂ ಅಲ್ಲ. ಸೊಲ್ಲಾಪುರದ ಬಜಾರಿನಲ್ಲಿ, ಕಚೇರಿಯಲ್ಲಿ, ಕಾಲೇಜಿನಲ್ಲಿ ಬಾಳಬೇಕಾದ ಮಗುವಿಗೆ ಚೆನ್ನಾದ ಮರಾಠಿ ಬೇಕೇ ಬೇಕು.

ಕೇಳಬೇಕಾಗಿದ್ದ ಪ್ರಶ್ನೆಗಳು ಬೇರೆ. ಮರಾಠಿಯ ತಾಸುಗಳನ್ನು ಯಾವ ವಿಷಯದ ತಾಸುಗಳಿಂದ ತೆಗೆಯಬೇಕು? ಇಬ್ಬರೇ ಶಿಕ್ಷಕರಿರುವ ಹಳ್ಳಿಯ ಕನ್ನಡ ಶಾಲೆಯಲ್ಲಿ ಅದನ್ನು ಕಲಿಸುವವರು ಯಾರು, ಅದಕ್ಕೆ ಪ್ರತ್ಯೇಕ ಹುದ್ದೆ ಉಂಟೋ ಇಲ್ಲವೋ? ಮನೆಯಲ್ಲಿ ಕನ್ನಡವನ್ನೇ ಆಡುವ ಮಗುವಿಗೂ ಪುಣೆಯ ಮಗುವಿಗೂ ಒಂದೇ ಮರಾಠಿ ಪುಸ್ತಕವೇ, ಅಥವಾ ಹೊಸದಾಗಿ ಕಲಿಯುವವರಿಗಾಗಿ ಬರೆದ ಪುಸ್ತಕವೇ? ಈ ಪ್ರಶ್ನೆಗಳು ಮಸೂದೆ ಮಂಡಿತವಾಗುವ ಮೊದಲೇ ನಮ್ಮ ಕ್ಷೇತ್ರದ ಆಮದಾರರ ಕೈಯಲ್ಲಿದ್ದಿದ್ದರೆ, ಚರ್ಚೆಯಲ್ಲಿ ಎರಡು ಮಾತು ದಾಖಲಾಗುತ್ತಿದ್ದವು; ಸಚಿವರ ಉತ್ತರ ಒಂದು ಆಶ್ವಾಸನವಾಗಿ ಸಿಕ್ಕುತ್ತಿತ್ತು. ಸದನದಲ್ಲಿ ಸಚಿವರು ಕೊಟ್ಟ ಆಶ್ವಾಸನಗಳ ಬೆನ್ನು ಹತ್ತುವುದಕ್ಕೆಂದೇ ಶಾಸನಸಭೆಯ ಆಶ್ವಾಸನ ಸಮಿತಿ ಇರುತ್ತದೆ. ಕಾಸರಗೋಡಿನಲ್ಲಿಯೂ ಸಮಸ್ಯೆ ಇದೇ ಬಗೆಯದು. ಕೇರಳ ಸರಕಾರ ೨೦೧೭ರಲ್ಲಿ ಮಲೆಯಾಳ ಕಲಿಕೆಯನ್ನು ಮೊದಲು ಸುಗ್ರೀವಾಜ್ಞೆಯಿಂದ, ಬಳಿಕ ಅಧಿನಿಯಮದಿಂದ ಕಡ್ಡಾಯ ಮಾಡಹೊರಟಾಗ ಅಲ್ಲಿಯ ಕನ್ನಡಿಗರು ಕೂಡಲೇ ಬೀದಿಗಿಳಿದು ಪ್ರತಿಭಟಿಸಿದರು. ಅಲ್ಲಿಯ ಕನ್ನಡಿಗರಿಗೆ ಸದನದಲ್ಲಿ ಒಂದು ಧ್ವನಿಯೂ ಉಂಟು; ಮಂಜೇಶ್ವರದ ಶಾಸಕ ಎ. ಕೆ. ಎಂ. ಅಶ್ರಫ್ ಅವರು ೨೦೨೧ರಲ್ಲಿ ಪ್ರಮಾಣವಚನವನ್ನೇ ಕನ್ನಡದಲ್ಲಿ ಸ್ವೀಕರಿಸಿದರು.

ಇನ್ನು ಜಿ. ಆರ್.ನ ವಿಷಯ. ೨೦೨೪ರ ಮಾರ್ಚ ೧೫ರ ನಿರ್ಣಯವೊಂದು ಸಂಚಮಾನ್ಯತೆಯ, ಅಂದರೆ ವಿದ್ಯಾರ್ಥಿ ಸಂಖ್ಯೆಗೆ ತಕ್ಕಂತೆ ಶಿಕ್ಷಕರ ಹುದ್ದೆಗಳನ್ನು ಗೊತ್ತುಪಡಿಸುವ, ಅಳತೆಗಳನ್ನು ಬದಲಿಸಿತು. ಚಿಕ್ಕ ಶಾಲೆಗಳು ಹುದ್ದೆ ಕಳೆದುಕೊಳ್ಳುವವೆಂದು ರಾಜ್ಯದಾದ್ಯಂತ ಶಿಕ್ಷಕ ಸಂಘಟನೆಗಳು ಅದನ್ನು ವಿರೋಧಿಸಿದವು. ಮರಾಠಿ ಶಾಲೆಯೊಂದು ಶಿಕ್ಷಕನನ್ನು ಕಳೆದುಕೊಂಡರೆ ಮಗು ಪಕ್ಕದ ಊರಿನ ಮರಾಠಿ ಶಾಲೆಗೆ ಹೋಗಬಹುದು; ಕನ್ನಡ ಶಾಲೆಯ ಮಗುವಿಗೆ ಪಕ್ಕದ ಊರಿನಲ್ಲಿ ಕನ್ನಡ ಶಾಲೆಯೇ ಇಲ್ಲದಿರಬಹುದು. ಎಲ್ಲರಿಗೂ ಸಮಾನವಾಗಿ ಕಾಣುವ ಅಳತೆ ಅಲ್ಪಸಂಖ್ಯಾತರಿಗೆ ಹೇಗೆ ಅಸಮಾನವಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ. ಇದನ್ನು ವಾದಿಸಲು ನಮಗೆ ಆಧಾರವೂ ಇದೆ. ಒಂದು ಶಾಲೆಯಲ್ಲಿ ೪೦ ಅಥವಾ ಒಂದು ವರ್ಗದಲ್ಲಿ ೧೦ ಮಕ್ಕಳಿದ್ದರೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಏರ್ಪಾಡು ಮಾಡಬೇಕೆಂದು ೧೯೪೯ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿತ್ತು. ಕೇಂದ್ರ ಸರಕಾರದ ೧೯೫೬ರ ಜ್ಞಾಪನಪತ್ರ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ೩೫೦-ಎ ಅನುಚ್ಛೇದವು ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು ವಿಧಿಸಿತು. ೩೫೦-ಬಿ ಅನುಚ್ಛೇದವು ಇದನ್ನು ನೋಡಿಕೊಳ್ಳಲು ವಿಶೇಷ ಅಧಿಕಾರಿಯನ್ನು ಏರ್ಪಡಿಸಿತು. ಈ ನಾಲ್ಕು ಸಾಲುಗಳಿಲ್ಲದ ಮನವಿಯನ್ನು ಕನ್ನಡ ಶಾಲೆಯ ಪರವಾಗಿ ಯಾರೂ ಬರೆಯಬಾರದೆಂದು ನನ್ನ ಅಭಿಪ್ರಾಯ.

ಜಿ. ಆರ್. ಸಹಿಯಿಂದ ಹುಟ್ಟುವುದಾದ್ದರಿಂದ ಸಹಿಯಿಂದಲೇ ಸಾಯಲೂಬಹುದು. ಮತ್ತು ಅಧಿವೇಶನ ಹತ್ತಿರ ಬಂದಂತೆ ಅದರ ಆಯುಸ್ಸು ಅಸ್ಥಿರವಾಗುತ್ತದೆ. ಮರಾಠಿ ಮತ್ತು ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಒಂದನೆಯ ಇಯತ್ತೆಯಿಂದಲೇ ಹಿಂದಿಯನ್ನು ಮೂರನೆಯ ಭಾಷೆಯಾಗಿ ತರುವ ನಿರ್ಣಯ ೨೦೨೫ರ ಏಪ್ರಿಲ ೧೬ರಂದು ಹೊರಟಿತು. ಜೂನ ೧೭ರಂದು ಅದನ್ನು ತಿದ್ದಿ ಇನ್ನೊಂದು ಹೊರಟಿತು. ಜನರ ವಿರೋಧ ಬಲಿಯಿತು. ಮಳೆಗಾಲದ ಅಧಿವೇಶನ ಜೂನ ೩೦ಕ್ಕೆ ಆರಂಭವಾಗುವುದಿತ್ತು. ಹಿಂದಿನ ದಿನ, ೨೯ರಂದು, ಮುಖ್ಯಮಂತ್ರಿ ದೇವೇಂದ್ರ ಫಡಣವೀಸರು ಎರಡೂ ನಿರ್ಣಯಗಳನ್ನು ಹಿಂದೆಗೆದುಕೊಂಡು ನರೇಂದ್ರ ಜಾಧವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ಘೋಷಿಸಿದರು. ನಮ್ಮಂಥ ಇತರ ಮಾಧ್ಯಮದ ಶಾಲೆಗಳಿಗೆ ಆ ನಿರ್ಣಯಗಳಲ್ಲಿ ಮಾಧ್ಯಮ ಭಾಷೆ, ಮರಾಠಿ, ಇಂಗ್ಲಿಷ್ ಎಂಬ ಮೂರನ್ನೇ ಹೇಳಿತ್ತಾದ್ದರಿಂದ ನಮ್ಮಲ್ಲಿ ಹೆಚ್ಚಿನ ಕಳವಳ ಹುಟ್ಟಲಿಲ್ಲ. ಆದರೂ ಆ ಒಂದು ದಿನದ ಲೆಕ್ಕ ಗಮನಿಸತಕ್ಕದ್ದು. ಸದನ ಸೇರಿದ ಮೇಲೆ ಪ್ರತಿಪಕ್ಷದ ಪ್ರಶ್ನೆಗೆ ಎದ್ದು ನಿಂತು ಉತ್ತರ ಕೊಡಬೇಕಾಗುವುದೆಂಬ ಅರಿವು ಸರಕಾರಗಳನ್ನು ಎಷ್ಟು ಬೇಗ ಮಣಿಸಬಲ್ಲದೆಂಬುದು ಅದರಿಂದ ತಿಳಿಯುತ್ತದೆ.

ಹಣದ ಮಾತು ಬೇರೆಯೇ ಇದೆ. ನಿರ್ಣಯ ನಮ್ಮ ಪರವಾಗಿ ಬಂದರೂ ಅಂದಾಜುಪತ್ರಿಕೆಯಲ್ಲಿ ಹಣವಿಲ್ಲದಿದ್ದರೆ ಅದು ಬರಿಯ ಕಾಗದ. ಅಂಶತಃ ಅನುದಾನಿತ ಶಾಲೆಗಳಿಗೆ ಶೇಕಡಾ ೨೦ರ ಮುಂದಿನ ಹಂತದ ಅನುದಾನವನ್ನು ಕೊಡುವ ನಿರ್ಣಯ ೨೦೨೪ರ ಅಕ್ಟೋಬರದಲ್ಲಿ ಬಂದಿತ್ತು; ಹಣ ಬರಲಿಲ್ಲ. ೨೦೨೫ರ ಜುಲೈ ೮ ಮತ್ತು ೯ರಂದು, ಅಧಿವೇಶನ ನಡೆದಿದ್ದ ಹೊತ್ತಿನಲ್ಲಿಯೇ, ರಾಜ್ಯದ ಮೂಲೆಮೂಲೆಗಳಿಂದ ಶಿಕ್ಷಕರು ಮುಂಬಯಿಯ ಆಜಾದ್ ಮೈದಾನದಲ್ಲಿ ಮಳೆಯಲ್ಲಿ ಕುಳಿತರು. ಆಗಲೇ ಸರಕಾರ ಹಣ ಒದಗಿಸುವ ಮಾತು ಕೊಟ್ಟಿತು. ಆದುದರಿಂದ ಮಾರ್ಚದ ಅಂದಾಜುಪತ್ರಿಕೆಯನ್ನೂ, ಪ್ರತಿ ಅಧಿವೇಶನದಲ್ಲಿ ಮಂಡಿತವಾಗುವ ಪುರವಣಿ ಬೇಡಿಕೆಗಳನ್ನೂ ಶಾಲಾ ಶಿಕ್ಷಣ ಇಲಾಖೆಯ ತಲೆಬರಹದ ಕೆಳಗೆ ನೋಡುವುದನ್ನು ಸಂಸ್ಥೆಗಳ ಕಾರ್ಯದರ್ಶಿಗಳು ರೂಢಿ ಮಾಡಿಕೊಳ್ಳಬೇಕು. ಬೇಸರದ ಕೆಲಸವೆಂಬುದು ನಿಜ.

ವರ್ಷದಲ್ಲಿ ಮೂರು ಅಧಿವೇಶನಗಳು ನಡೆಯುತ್ತವೆ: ಅಂದಾಜುಪತ್ರಿಕೆಯದು ಮತ್ತು ಮಳೆಗಾಲದ್ದು ಮುಂಬಯಿಯಲ್ಲಿ, ಚಳಿಗಾಲದ್ದು, ೧೯೫೩ರ ನಾಗಪುರ ಒಪ್ಪಂದದ ಮೇರೆಗೆ, ನಾಗಪುರದಲ್ಲಿ. ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಕೂಡದೆಂದು ಸಂವಿಧಾನದ ಕಟ್ಟಳೆಯಿದೆ. ಚಳಿಗಾಲದ್ದು ತೀರ ಚಿಕ್ಕದು. ೨೦೨೪ರಲ್ಲಿ ಡಿಸೆಂಬರ ೧೬ರಿಂದ ೨೧ರವರೆಗೆ, ಆರೇ ದಿನ ನಡೆಯಿತು. ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಕುಳಿತರೆ ಬೆಳಗಾಗುವಷ್ಟರಲ್ಲಿ ಮುಂಬಯಿ ಸೇರಬಹುದು. ನಾಗಪುರ ನಮಗೆ ಅಷ್ಟು ಸುಲಭವಲ್ಲ. ಆದರೆ ಅಧಿವೇಶನಕ್ಕೆ ಹೋಗುವುದು ಮುಖ್ಯವಲ್ಲ, ಅದಕ್ಕೆ ಮುಂಚೆ ಹೋಗುವುದು ಮುಖ್ಯ. ತಾರಾಂಕಿತ ಪ್ರಶ್ನೆಗಳ ಸೂಚನೆಯನ್ನು ಸದಸ್ಯರು ಅಧಿವೇಶನಕ್ಕೆ ಎಷ್ಟೋ ದಿನ ಮೊದಲೇ ಕೊಡಬೇಕಾಗುತ್ತದೆ. ತಾರಾಂಕಿತ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಿಮಾತಿನ ಉತ್ತರ ಕೊಡಬೇಕು, ಉಪಪ್ರಶ್ನೆಗಳಿಗೂ ಸಿದ್ಧರಿರಬೇಕು. ಅತಾರಾಂಕಿತಕ್ಕೆ ಲಿಖಿತ ಉತ್ತರ. ತುರ್ತಿನ ವಿಷಯಗಳಿಗೆ ಲಕ್ಷವೇಧಿ ಸೂಚನೆಯಿದೆ. ನಾಗರಿಕರ ಅರ್ಜಿಗಳನ್ನು ವಿಚಾರಿಸಲು ವಿನಂತಿ ಅರ್ಜ ಸಮಿತಿಯೂ ಉಂಟು. ನಮ್ಮವರು ಅದನ್ನು ಉಪಯೋಗಿಸಿದ್ದು ಕಡಮೆ.

ಯಾರನ್ನು ಕಾಣಬೇಕೆಂಬುದರಲ್ಲಿಯೂ ವಿವೇಚನೆ ಬೇಕು. ಜಿಲ್ಲೆಯಲ್ಲಿ ವಿಧಾನಸಭೆಯ ೧೧ ಕ್ಷೇತ್ರಗಳಿವೆ. ಕನ್ನಡ ಶಾಲೆಗಳ ಮಾತು ಬಂದಾಗ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಮತ್ತು ನಗರದ ಕ್ಷೇತ್ರಗಳ ಆಮದಾರರು ಸಹಜವಾಗಿ ಕಿವಿಗೊಡುತ್ತಾರೆ. ಆದರೆ ನಾವು ಬಹಳ ಸಲ ಮರೆಯುವ ಇನ್ನೊಬ್ಬರಿದ್ದಾರೆ. ವಿಧಾನ ಪರಿಷತ್ತಿನಲ್ಲಿ ಶಿಕ್ಷಕರೇ ಆರಿಸಿ ಕಳಿಸುವ ೭ ಸ್ಥಾನಗಳಿವೆ, ಮತ್ತು ಸೊಲ್ಲಾಪುರ ಜಿಲ್ಲೆ ಪುಣೆ ವಿಭಾಗದ ಶಿಕ್ಷಕ ಕ್ಷೇತ್ರದಲ್ಲಿ ಬರುತ್ತದೆ. ಮಾಧ್ಯಮಿಕ ಶಾಲೆ ಹಾಗೂ ಅದಕ್ಕೆ ಮೇಲ್ಪಟ್ಟ ಸಂಸ್ಥೆಗಳಲ್ಲಿ ಮೂರು ವರ್ಷ ಕೆಲಸ ಮಾಡಿದ ಶಿಕ್ಷಕರಿಗೆ ಮಾತ್ರ ಇಲ್ಲಿ ಮತವಿದೆ, ಪ್ರಾಥಮಿಕ ಶಿಕ್ಷಕರಿಗಿಲ್ಲ. ನಮ್ಮ ಪ್ರೌಢಶಾಲೆಗಳ ಶಿಕ್ಷಕರು ಮತದಾರರ ಪಟ್ಟಿಯಲ್ಲಿ ಹೆಸರು ನೋಂದಿಸಿಕೊಳ್ಳುವುದರಲ್ಲಿ ತೋರುವ ಆಲಸ್ಯವನ್ನು ನಾನು ಹಲವು ವರ್ಷಗಳಿಂದ ನೋಡುತ್ತ ಬಂದಿದ್ದೇನೆ, ಬರೆಯದೆ ಇರಲಾರೆ.

ಮಸೂದೆಯೊಂದು ಸಂಯುಕ್ತ ಸಮಿತಿಗೆ ಹೋದರೆ ಅದು ಸಾರ್ವಜನಿಕರಿಗೆ ತೆರೆದ ಬಾಗಿಲೆಂದು ತಿಳಿಯಬೇಕು. ಶಿಕ್ಷಣಕ್ಕೆ ಸಂಬಂಧಿಸದ ಉದಾಹರಣೆಯೊಂದನ್ನು ಕೊಡುತ್ತೇನೆ. ೨೦೨೪ರಲ್ಲಿ ಮಂಡಿತವಾದ ವಿಶೇಷ ಜನಸುರಕ್ಷಾ ಮಸೂದೆಯನ್ನು ಸಂಯುಕ್ತ ಸಮಿತಿಗೆ ಒಪ್ಪಿಸಿದಾಗ ಹನ್ನೆರಡು ಸಾವಿರಕ್ಕೂ ಮಿಕ್ಕಿ ಸೂಚನೆ, ಆಕ್ಷೇಪಗಳು ಬಂದವು. ವ್ಯಕ್ತಿಗಳನ್ನೂ ಸಂಘಟನೆಗಳನ್ನೂ ಕುರಿತು ವಿಶಾಲವಾಗಿದ್ದ ಅದರ ಮಾತು ತಿದ್ದುಪಡಿಗೊಂಡ ಬಳಿಕವೇ ೨೦೨೫ರ ಜುಲೈಯಲ್ಲಿ ಅದು ಸದನಗಳನ್ನು ದಾಟಿತು. ತಿದ್ದುಪಡಿ ಸಾಲದೆಂದವರೂ ಅನೇಕರಿದ್ದರು. ಅದೇನೇ ಇದ್ದರೂ, ೨೦೨೦ರ ಭಾಷಾ ಕಾಯದೆಗೆ ಅಂಥ ಬಾಗಿಲು ತೆರೆಯಲಿಲ್ಲವೆಂಬ ವ್ಯತ್ಯಾಸವನ್ನು ಓದುಗರು ಗುರುತಿಸಬಹುದು.

ಭಾಷೆಯ ತೊಡಕೊಂದು ಉಳಿಯಿತು. ನಮ್ಮ ಸದನದ ಕಲಾಪಗಳೂ ಮಸೂದೆಗಳೂ ಕನ್ನಡದಲ್ಲಿ ಸಿಗುವುದಿಲ್ಲ. ಆದರೆ ಸಂವಿಧಾನದ ೩೫೦ನೆಯ ಅನುಚ್ಛೇದವು, ಯಾವ ವ್ಯಕ್ತಿಯೇ ಆಗಲಿ ತನ್ನ ಕುಂದುಕೊರತೆಯ ಮನವಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವ ಅಧಿಕಾರಿಗಾದರೂ ಸಲ್ಲಿಸಬಹುದೆಂದು ಹೇಳುತ್ತದೆ. ಅಂದರೆ ಅಕ್ಕಲಕೋಟೆಯ ರೈತನೊಬ್ಬನು ತನ್ನ ಮಗಳ ಶಾಲೆಯ ಬಗ್ಗೆ ಮಂತ್ರಾಲಯಕ್ಕೆ ಶುದ್ಧ ಕನ್ನಡದಲ್ಲಿ ಅರ್ಜಿ ಬರೆದರೆ, ಭಾಷೆಯ ಕಾರಣದಿಂದ ಅದನ್ನು ಮರಳಿಸುವ ಹಕ್ಕು ಯಾರಿಗೂ ಇಲ್ಲ. ಕೆಲಸ ಬೇಗ ಆಗಬೇಕಾದರೆ ಮರಾಠಿಯ ಪ್ರತಿಯನ್ನು ಜೊತೆಗೆ ಲಗತ್ತಿಸುವುದು ಜಾಣತನ. ಆದರೆ ಕನ್ನಡದ ಪ್ರತಿಯನ್ನು ಬಿಡಬಾರದು.

ಕೆಲವು ವರ್ಷಗಳ ಹಿಂದಿನ ನಮ್ಮದೇ ಅನುಭವವನ್ನು ಹೇಳುತ್ತೇನೆ. ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಹಿರಿಯ ಗುರುಗಳು ನಿವೃತ್ತರಾದರು. ಸಂಖ್ಯೆ ಕಡಮೆಯೆಂದು ಆ ಹುದ್ದೆಯನ್ನು ತುಂಬಲಿಲ್ಲ. ಸಂಖ್ಯೆ ಕಡಮೆಯಿದ್ದುದು ಕಾಗದದ ಮೇಲೆ ಮಾತ್ರ. ಸಪ್ಟೆಂಬರ ೩೦ರ ಎಣಿಕೆಗೆ ಮುಂಚೆ ಆರು ಮಕ್ಕಳ ಆಧಾರ ನೋಂದಣಿ ಸರಿಹೊಂದಿರಲಿಲ್ಲ, ಹೀಗಾಗಿ ಆ ಆರು ಮಕ್ಕಳು ದಿನಾಲು ಶಾಲೆಯಲ್ಲಿ ಕುಳಿತಿದ್ದರೂ ಲೆಕ್ಕದಲ್ಲಿ ಇರಲಿಲ್ಲ. ಸರಿಪಡಿಸಲು ಅವಕಾಶ ಕೊಡುವ ಪತ್ರ ಕಚೇರಿಯೊಂದರ ಕಪಾಟಿನಲ್ಲಿ ಉಳಿದು, ಅವಧಿ ಮುಗಿದ ಮೇಲೆ ನಮ್ಮ ಕೈ ಸೇರಿತು. ನಾವು ನಾಲ್ವರು ಓಡಿ ಹೋಗಿ ಜನಪ್ರತಿನಿಧಿಯೊಬ್ಬರನ್ನು ಕಂಡೆವು. ಅವರು ಸೌಜನ್ಯದಿಂದ ಕೇಳಿದರು, ಚಹಾ ಕುಡಿಸಿದರು. ಆಮೇಲೆ, “ಒಂದು ತಿಂಗಳ ಮೊದಲು ಬಂದಿದ್ದರೆ ಪ್ರಶ್ನೆ ಹಾಕುತ್ತಿದ್ದೆನಲ್ಲ, ಗುರುಗಳೇ! ಅಧಿವೇಶನ ಇದೇ ಶುಕ್ರವಾರ ಮುಗಿಯುತ್ತದೆ” ಎಂದರು. ಒಂದು ವರ್ಷ ಆ ಶಾಲೆಯ ನಾಲ್ಕು ವರ್ಗಗಳು ಒಂದೇ ಕೋಣೆಯಲ್ಲಿ ಒಬ್ಬರೇ ಬಾಯಿಯವರ ಮುಂದೆ ಕುಳಿತವು. ಮೂವರು ಪಾಲಕರು ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಸೇರಿಸಿದರು. ಅವರನ್ನು ದೂಷಿಸುವ ಧೈರ್ಯ ನನಗಾಗಲಿಲ್ಲ.

ಅಂದಿನಿಂದ ನಮ್ಮ ಸಂಸ್ಥೆಯ ಕಚೇರಿಯಲ್ಲಿ ಒಂದು ನೋಂದಣಿ ಪುಸ್ತಕವಿದೆ. ಶಾಲಾ ಶಿಕ್ಷಣ ಇಲಾಖೆಯ ಜಿ. ಆರ್.ಗಳು ಸರಕಾರದ ಜಾಲತಾಣದಲ್ಲಿ ಪ್ರಕಟವಾಗುವುದರಿಂದ ಪ್ರತಿ ಶನಿವಾರ ಮಧ್ಯಾಹ್ನ ಒಬ್ಬ ತರುಣ ಶಿಕ್ಷಕರು ಅವನ್ನು ತಮ್ಮ ಮೊಬೈಲಿನಲ್ಲಿ ನೋಡಿ, ತಾರೀಖು, ವಿಷಯ, ನಮಗೆ ತಾಕುವುದೋ ಇಲ್ಲವೋ ಎಂಬುದನ್ನು ಒಂದೊಂದು ಸಾಲಿನಲ್ಲಿ ಕನ್ನಡದಲ್ಲಿ ಬರೆಯುತ್ತಾರೆ. ಅಧಿವೇಶನದ ತಾರೀಖು ಗೊತ್ತಾದೊಡನೆ ಅದನ್ನು ಕೆಂಪು ಶಾಯಿಯಲ್ಲಿ ಬರೆದು, ಅದಕ್ಕೆ ಆರು ವಾರ ಹಿಂದಿನ ಪುಟದಲ್ಲಿ ಆಮದಾರರ ಭೇಟಿಯ ದಿನವನ್ನು ಗೊತ್ತು ಮಾಡುತ್ತೇವೆ. ತಾರೀಖು ತಡವಾಗಿ ಗೊತ್ತಾದರೆ ಹಿಂದಿನ ವರ್ಷದ ತಾರೀಖನ್ನೇ ಹಿಡಿದು ಹೊರಡುತ್ತೇವೆ. ಸಪ್ಟೆಂಬರ ಮೊದಲ ವಾರದಲ್ಲಿ ಪ್ರತಿ ಮಗುವಿನ ನೋಂದಣಿಯನ್ನು ಪಾಲಕರ ಎದುರಿನಲ್ಲಿಯೇ ತಾಳೆ ನೋಡುತ್ತೇವೆ. ಈ ಪುಸ್ತಕವನ್ನು ನೋಡಬಯಸುವ ಇತರ ಕನ್ನಡ ಶಾಲೆಗಳ ಮುಖ್ಯಾಧ್ಯಾಪಕರು ಯಾವ ಶನಿವಾರವಾದರೂ ಬರಬಹುದು. ಆ ಹಳ್ಳಿಯ ಶಾಲೆಗೆ ಎರಡನೆಯ ಹುದ್ದೆ ಮರುವರ್ಷ ಮಂಜೂರಾಯಿತು. ಹೊರಟುಹೋದ ಮೂವರು ಮಕ್ಕಳಲ್ಲಿ ಒಬ್ಬಳು ಮರಳಿ ಬಂದಿದ್ದಾಳೆ.